ಕಳೆ ಬೀಜಕ್ಕೂ ಮಳೆ ಲೆಕ್ಕ ಗೊತ್ತು

ರೈತ ಬಾಂಧವರಿಗೆ ನಮಸ್ಕಾರ.

ಹೊಲ ಹಸನು ಮಾಡಿ, ಒಂದು ಕಸವೂ ಇಲ್ಲದ ಹಾಗೆ ರಾಗಿ ಬಿತ್ತಿರುತ್ತೀರಿ. ಹದಿನೈದು ದಿನದೊಳಗೆ ಸಾಲಿನ ನಡುವೆ ಅಣ್ಣೆಸೊಪ್ಪು ಎದ್ದು ನಿಂತಿರುತ್ತದೆ. ಇದೆಲ್ಲಿಂದ ಬಂತು ಅನ್ನಿಸುತ್ತದೆ, ಅಲ್ವಾ? ಹೆಚ್ಚಿನದು ಹಿಂದಿನ ವರ್ಷಗಳಲ್ಲಿ ಅಲ್ಲೇ ಉದುರಿದ ಬೀಜ. ಮಣ್ಣಿನೊಳಗೆ ಕಾದು ಕೂತಿತ್ತು.

ಎಷ್ಟು ಕಾಲ ಕಾಯಬಲ್ಲದು? ಅಮೆರಿಕದ ಮಿಶಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಬಾಟಲಿಗಳಲ್ಲಿ ಬೀಜ ತುಂಬಿ ಹೂತಿಟ್ಟರು. 2021ರಲ್ಲಿ ಒಂದು ಬಾಟಲಿ ತೆಗೆದು ಬಿತ್ತಿದಾಗಲೂ ಕೆಲವು ಮೊಳೆತವು. ಎಲ್ಲ ಬೀಜವೂ ಅಷ್ಟು ಬಾಳುವುದಿಲ್ಲ. ಬಹಳಷ್ಟನ್ನು ಇರುವೆ, ಹುಳು, ಬೂಷ್ಟು ಮುಗಿಸುತ್ತವೆ.

ಉಳಿದದ್ದು ಕಾಲ ನೋಡಿ ಏಳುತ್ತದೆ. ತಗಚೆ ಬೀಜ ಒಂದು ಹಿಡಿ ನೆನೆಹಾಕಿ ನೋಡಿ. ಕೆಲವು ಉಬ್ಬುತ್ತವೆ, ಹಲವು ಮಾರನೇ ದಿನವೂ ಗಟ್ಟಿಯಾಗೇ ಇರುತ್ತವೆ. ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಬೇಸಿಗೆಯ ಕಾವು ಬಿದ್ದಾಗ ಸ್ವಲ್ಪ ಸ್ವಲ್ಪವಾಗಿ ಆ ಸಿಪ್ಪೆ ಸಡಿಲಾಗುತ್ತದೆ. ಇನ್ನು ಹಲವು ಕಳೆಗಳಲ್ಲಿ ಸಿಪ್ಪೆ ಮೆತ್ತಗಿದ್ದರೂ ಹೊಸ ಬೀಜ ಮೊಳೆಯುವುದಿಲ್ಲ. ಒಣ ಮಣ್ಣಲ್ಲಿ ಬಿಸಿ ಉಂಡ ಮೇಲೆಯೇ ಅದಕ್ಕೆ ಮೊಳೆಯುವ ಹದ. ಹೀಗೆ ಬೇಸಿಗೆ ಕಳೆದ ಬೀಜ ಮುಂಗಾರಿಗೆ ಸರಿಯಾಗಿ ತಯಾರಾಗಿರುತ್ತದೆ.

ತಾನು ಎಷ್ಟು ಆಳದಲ್ಲಿದ್ದೇನೆ ಅನ್ನೋದೂ ಅದಕ್ಕೆ ತಿಳಿಯುತ್ತದೆ. ಬೆಳಕು ಮಣ್ಣಿನೊಳಕ್ಕೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಹಗಲು ಬಿಸಿ, ರಾತ್ರಿ ತಂಪು ಎಂಬ ಏರಿಳಿತವೂ ಮೇಲ್ಮಣ್ಣಲ್ಲೇ ಜಾಸ್ತಿ. ಸಣ್ಣ ಬೀಜಗಳು ಹೆಚ್ಚಾಗಿ ಮೇಲಿನ ಎರಡು ಬೆರಳು ಮಣ್ಣಿನಿಂದಲೇ ಏಳುತ್ತವೆ. ನೇಗಿಲು ಹೊಡೆದಾಗ ಆಳದ ಬೀಜ ಮೇಲೆ ಬಂತು ಅಂದರೆ, ಒಂದು ಕ್ಷಣದ ಬೆಳಕೂ ಕೆಲವಕ್ಕೆ ಸಾಕು.

ಹಾಗಾದರೆ ಇದನ್ನೇ ನಮ್ಮ ಕೆಲಸಕ್ಕೆ ಬಳಸಿಕೊಳ್ಳಬಹುದಲ್ಲ! ಭರಣಿ, ಕೃತ್ತಿಕೆ ಮಳೆಗೆ ಉಳುಮೆ ಮುಗಿಸಿ. ರಾಗಿ ಬಿತ್ತನೆಗೆ ಇನ್ನೂ ಸಮಯ ಇರುತ್ತದೆ. ಹೊಲ ಸುಮ್ನೆ ಬಿಡಿ. ಕಳೆ ಎರಡು ಮೂರು ಎಲೆ ಬಿಡಲಿ. ಆಮೇಲೆ ಬಿಸಿಲಿರುವ ದಿನ ನೋಡಿ ಕುಂಟೆ ಹೊಡೆಯಿರಿ. ಬೇರು ಮೇಲೆ ಬಂದು ಸಂಜೆಯೊಳಗೆ ಬಾಡುತ್ತವೆ. ಇನ್ನೊಂದು ಮಳೆ ಸಿಕ್ಕರೆ ಇನ್ನೊಂದು ಸಲ. ಬಿತ್ತನೆಗೆ ಮುಂಚೆ ಮತ್ತೆ ಆಳವಾಗಿ ಮಾತ್ರ ಉಳಬೇಡಿ. ನನ್ನ ಪ್ರಕಾರ ಜನ ಎಡವುವುದು ಇಲ್ಲೇ. ಮೇಲಿನ ಬೀಜ ಖಾಲಿ ಮಾಡಿ, ಕೆಳಗಿನದನ್ನು ನಾವೇ ಎತ್ತಿ ತಂದಂತಾಗುತ್ತದೆ.

ಜೇಕಿಗೆ ಈ ಉಪಾಯ ನಡೆಯುವುದಿಲ್ಲ, ಅದು ಗೆಡ್ಡೆಯಿಂದ ಬರುವುದು. ಪಾರ್ಥೇನಿಯಂ ಕೂಡ ಬೇರೆ ಜಾತಿ. ಅದಕ್ಕೆ ಕಾಲದ ಹಂಗು ಕಡಿಮೆ, ತೇವ ಸಿಕ್ಕರೆ ಯಾವಾಗ ಬೇಕಾದರೂ ಹುಟ್ಟುತ್ತದೆ. ಒಂದೊಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬದುವಿನಲ್ಲಿ ಕಂಡರೆ ಹೂ ಬಿಡುವ ಮೊದಲೇ, ಕೈಗೆ ಗವಸು ಹಾಕಿಕೊಂಡು ಕಿತ್ತುಬಿಡಿ.

ನಮಸ್ಕಾರ.