ಸಿಮೇಯಿಸ್ 147: ಮಲೆನಾಡಿನ ಅಂಗಳದಿಂದ ಸೂಪರ್‌ನೋವಾ ಅವಶೇಷದ ಫೋಟೋ

[ದೃಶ್ಯ: ವೃಷಭ ರಾಶಿ, ಎಲ್‌ನಾಥ್ ಮೇಲೆ ಗುರುತು]

ನಮಸ್ಕಾರ. ವೃಷಭದ ಕೊಂಬಿನ ತುದಿಯ ಎಲ್‌ನಾಥ್ ನಕ್ಷತ್ರದಿಂದ ಪೂರ್ವಕ್ಕೆ ಸುಮಾರು 3 ಡಿಗ್ರಿ ಸರಿದರೆ ಸಿಮೇಯಿಸ್ 147 ಸಿಗುತ್ತೆ, ಅಂದರೆ ಸ್ಫೋಟಿಸಿದ ನಕ್ಷತ್ರವೊಂದು ಬಿಟ್ಟುಹೋದ ಅನಿಲದ ಎಳೆಗಳು. ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಆದರೂ 5 ನಿಮಿಷದ ಒಂದು ಫ್ರೇಮ್‌ನಲ್ಲಿ ಏನೂ ಕಾಣದೇ ಇರಬಹುದು. ಗುರಿ ಸರಿಯಿದೆಯಾ ಅಂತ ಪ್ಲೇಟ್ ಸಾಲ್ವ್ ಮಾಡಿ ನೋಡಿ (ಚಿತ್ರದ ನಕ್ಷತ್ರಗಳನ್ನು ಸಾಫ್ಟ್‌ವೇರ್ ನಕ್ಷೆಗೆ ಹೋಲಿಸಿ ಜಾಗ ಹೇಳುತ್ತೆ), ಕಣ್ಣನ್ನು ನಂಬಬೇಡಿ.

ಹಾಸನ, ಚಿಕ್ಕಮಗಳೂರಲ್ಲಿ ಜನವರಿ ಮಧ್ಯದಲ್ಲಿ ರಾತ್ರಿ ಹತ್ತೂವರೆ ಹೊತ್ತಿಗೆ ಇದು ಅತಿ ಎತ್ತರಕ್ಕೆ ಬರುತ್ತೆ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್‌ಗೆ 135ರಿಂದ 250 ಮಿ.ಮೀ. ಲೆನ್ಸ್ ಸಾಕು. 1000 ಮಿ.ಮೀ. ದೂರದರ್ಶಕ ಹಾಕಿದರೆ ಒಂದೆರಡು ಎಳೆ ಮಾತ್ರ ಸಿಗುತ್ತೆ.

ಕೆಂಪು ಎಳೆಗಳು ಹೈಡ್ರೋಜನ್ ಆಲ್ಫಾ, ಅಂದರೆ ಹೈಡ್ರೋಜನ್ ಅನಿಲ ಹೊಮ್ಮಿಸುವ 656.3 ನ್ಯಾನೋಮೀಟರ್ ತರಂಗದ ಬೆಳಕು. ಸೆನ್ಸರ್ ಮುಂದಿನ ಫಿಲ್ಟರ್ ಬದಲಿಸಿ ಮಾಡಿಫೈ ಮಾಡದ ಡಿಎಸ್‌ಎಲ್‌ಆರ್ ಈ ಬೆಳಕಿನ ಬಹುಪಾಲನ್ನು ತಡೆಯುತ್ತೆ. ಈ ಬೆಳಕನ್ನಷ್ಟೇ ಬಿಡುವ ಫಿಲ್ಟರಿನ ಕಿಂಡಿ 7 ನ್ಯಾನೋಮೀಟರ್ ಅಗಲದ್ದು ಇರಲಿ. ಎಫ್/2ರಷ್ಟು ಅಗಲವಾಗಿ ತೆರೆದ ಲೆನ್ಸಿನಲ್ಲಿ ಬೆಳಕು ಓರೆಯಾಗಿ ಬೀಳುವುದರಿಂದ ಫಿಲ್ಟರಿನ ಕಿಂಡಿ ನೀಲಿ ಕಡೆಗೆ ಸರಿಯುತ್ತೆ. 3 ನ್ಯಾನೋಮೀಟರಿನದಾದರೆ ಬೇಕಾದ ಬೆಳಕೇ ಹೊರಗೆ ಉಳಿಯುತ್ತೆ.

[ದೃಶ್ಯ: ಮೌಂಟ್, ಹಿಂದೆ ಗುಡ್ಡ]

ನಮ್ಮ ಕಡೆಯ ನಿಜವಾದ ತಲೆನೋವು ಧ್ರುವ ನಕ್ಷತ್ರ. ಆಕಾಶದ ಜೊತೆ ತಿರುಗೋ ಮೌಂಟ್‌ನ ಅಕ್ಷವನ್ನು ಅದರ ಕಡೆಗೆ ಹೊಂದಿಸಬೇಕು (ಪೋಲಾರ್ ಅಲೈನ್‌ಮೆಂಟ್), ಆದರೆ ಇಲ್ಲಿ ಅದರ ಎತ್ತರ 13 ಡಿಗ್ರಿ ಅಷ್ಟೇ. ಸಿಲ್ವರ್ ಓಕ್ ಸಾಲು ಸಾಕು ಮುಚ್ಚೋಕೆ. ಧ್ರುವ ಕಾಣದಿದ್ದರೂ ನಡೆಯೋ ಮೂರು ಬಿಂದುಗಳ ಪೋಲಾರ್ ಅಲೈನ್‌ಮೆಂಟ್ ನೀನಾ ಅನ್ನೋ ಆಕಾಶ ಛಾಯಾಗ್ರಹಣದ ಸಾಫ್ಟ್‌ವೇರ್‌ಗೆ ಪ್ಲಗಿನ್ ಆಗಿ ಸಿಗುತ್ತೆ. ಇಷ್ಟು ಕಡಿಮೆ ಅಕ್ಷಾಂಶದಲ್ಲಿ ಮೌಂಟ್‌ನ ಕೌಂಟರ್‌ವೇಟ್ (ಸಮತೋಲನದ ತೂಕ) ಟ್ರೈಪಾಡ್ ಕಾಲಿಗೆ ಬಡಿಯಬಹುದು, ಕತ್ತಲಾಗುವ ಮೊದಲೇ ಪೂರ್ತಿ ತಿರುಗಿಸಿ ನೋಡಿ.

ಲೆನ್ಸ್ ಮೇಲೆ ಇಬ್ಬನಿ ಬಿದ್ದ ಮೇಲೆ ಹೀಟರ್ ಹಾಕಿದರೆ ತಡವಾಯ್ತು. ಶುರುವಿನಿಂದಲೇ 12 ವೋಲ್ಟ್ ಹೀಟರ್ ಪಟ್ಟಿ ಸುತ್ತಿರಿ. ಕೊಯ್ಲಿನ ಕಾಲ ಬೇರೆ, ಕಾಫಿ ಕಣದ ಫ್ಲಡ್‌ಲೈಟ್ ಲೆನ್ಸಿಗೆ ನೇರ ಬೀಳದ ಜಾಗ ಹುಡುಕಿ.

300 ಸೆಕೆಂಡಿನ ಫ್ರೇಮ್‌ಗಳು, ಒಟ್ಟು ಕನಿಷ್ಠ 10 ಗಂಟೆ. ಸಿಗ್ನಲ್-ನಾಯ್ಸ್ ಅನುಪಾತ (ಬೇಕಾದ ಬೆಳಕು ಗದ್ದಲಕ್ಕಿಂತ ಎಷ್ಟು ಪಟ್ಟು ಅನ್ನೋದು) ಎರಡರಷ್ಟಾಗಬೇಕಾದರೆ ಸಮಯ ನಾಲ್ಕರಷ್ಟು ಬೇಕು, ಇದರಲ್ಲಿ ಚೌಕಾಶಿ ಇಲ್ಲ. ಎರಡು ಮೂರು ಫ್ರೇಮ್‌ಗೊಮ್ಮೆ ಡಿದರ್ ಮಾಡಿ, ಅಂದರೆ ಗುರಿಯನ್ನು ಸ್ವಲ್ಪ ಸರಿಸಿ. ಇಲ್ಲದಿದ್ದರೆ ಸ್ಟ್ರೆಚ್ ಮಾಡಿದಾಗ (ಮಂಕು ಭಾಗವನ್ನು ಬೆಳಗಿಸಿದಾಗ) ಓರೆ ಗೆರೆಗಳು ಏಳುತ್ತವೆ.

[ದೃಶ್ಯ: ಫ್ಲಾಟ್ ಇಲ್ಲದ ಚಿತ್ರ, ಪಕ್ಕದಲ್ಲಿ ಫ್ಲಾಟ್ ಹಾಕಿದ್ದು]

ಫ್ಲಾಟ್ (ಒಂದೇ ಸಮನಾದ ಬೆಳಕಿನತ್ತ ತೆಗೆಯುವ ಸರಿಪಡಿಸುವ ಚಿತ್ರ) ತೆಗೆಯದಿದ್ದರೆ ಉಳಿದದ್ದೆಲ್ಲ ವ್ಯರ್ಥ, ಯಾಕೆಂದರೆ ಲೆನ್ಸಿನ ಮೂಲೆಗಪ್ಪು ಈ ಎಳೆಗಳಿಗಿಂತ ದೊಡ್ಡದು. ಕ್ಯಾಮೆರಾ ಅಲುಗಿಸದೆ, ಫೋಕಸ್ ಮುಟ್ಟದೆ, ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ಗ್ರಾಫ್) ನಡುವಿಗೆ ಬರುವಂತೆ 30 ಫ್ಲಾಟ್ ತೆಗೀರಿ. ಗ್ರೇಡಿಯಂಟ್ (ಆಕಾಶದ ಬೆಳಕಿನ ಏರಿಳಿತ) ತೆಗೆಯೋ ಆಟೋ ಬಟನ್ ಒತ್ತಬೇಡಿ, ಅದು ನೆಬ್ಯುಲಾವನ್ನೇ ಆಕಾಶದ ಬೆಳಕು ಅಂದುಕೊಂಡು ಅಳಿಸುತ್ತೆ. ಹಿನ್ನೆಲೆ ಆಕಾಶವನ್ನು ಅಳೆಯೋ ಸ್ಯಾಂಪಲ್ ಬಿಂದುಗಳನ್ನು ಹೊರಗಿನ ಎಳೆಗಳಿಂದಾಚೆಗೆ ಕೈಯಲ್ಲೇ ಇಡಿ. ಸ್ಟಾರ್‌ನೆಟ್ ಸಾಫ್ಟ್‌ವೇರ್‌ನಲ್ಲಿ ನಕ್ಷತ್ರ ಬೇರ್ಪಡಿಸಿ, ಉಳಿದದ್ದನ್ನು ಮಾತ್ರ ಸ್ಟ್ರೆಚ್ ಮಾಡಿ.

ಹೈಡ್ರೋಜನ್‌ಗೆ ಬೆಳದಿಂಗಳಾದರೂ ನಡೆಯುತ್ತೆ. 500.7 ನ್ಯಾನೋಮೀಟರಿನ ಆಕ್ಸಿಜನ್‌ ಬೆಳಕು ಇನ್ನೂ ಮಂಕು, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನು ಅದಕ್ಕೇ ಮೀಸಲಿಡಿ.