ಉಪ್ಪುನೀರಿನ ಟ್ಯಾಂಕಿಗೆ ಮರಳು: ಬಣ್ಣ ಬಿಡಿ, ಕಾಳು ನೋಡಿ

ಮೇಜಿನ ಮೇಲೆ ಮೂರು ಬಟ್ಟಲು ಇಟ್ಟಿದ್ದೇನೆ, ಸ್ವಲ್ಪ ಹತ್ತಿರದಿಂದ ನೋಡಿ. ಮೊದಲನೆಯದರಲ್ಲಿ ಇರುವುದು ಚಿರೋಟಿ ರವೆಯಷ್ಟು ಸಣ್ಣ. ಎರಡನೆಯದು ಸಾಸಿವೆ ಕಾಳಿನಷ್ಟು. ಮೂರನೆಯದು ಸಬ್ಬಕ್ಕಿ ಗಾತ್ರ. ಅಡುಗೆ ಚಾನೆಲ್ ಅಂದುಕೊಂಡು ಬಂದವರು ಕ್ಷಮಿಸಿ, ಮೂರೂ ಮರಳೇ. ಉಸುಕು ಅನ್ನಿ, ಹೊಯ್ಗೆ ಅನ್ನಿ, ನಿಮ್ಮೂರಲ್ಲಿ ಹೇಗೆ ಹೇಳುತ್ತೀರೋ ಹಾಗೆ.

ಸಮುದ್ರದ ಮೀನು ಸಾಕಲು ಹೊರಟವರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಯಾವ ಬ್ರ್ಯಾಂಡ್ ತಗೊಳ್ಳಲಿ? ಬಿಳಿ ಚೆನ್ನಾಗಿರುತ್ತಾ, ಕಪ್ಪಾ? ಕಾಳು ಎಷ್ಟು ದಪ್ಪ ಇರಬೇಕು ಅಂತ ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಹುದು. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ.

ಈ ಬುದ್ಧಿ ನನಗೂ ಸುಮ್ನೆ ಬಂದದ್ದಲ್ಲ. ನನ್ನ ಮೊದಲ ಮೂರಡಿ ಟ್ಯಾಂಕಿಗೆ ಅಂಗಡಿಯವರು ಈ ಮೂರನೇ ಬಟ್ಟಲಿನ ಮಾಲು ಕೊಟ್ಟರು. ಕ್ರಷ್ಡ್ ಕೋರಲ್, ಅಂದರೆ ಪುಡಿ ಮಾಡಿದ ಹವಳ, ಇಪ್ಪತ್ತು ಕೆಜಿ. "ಇದೇ ಬೆಸ್ಟ್ ಸಾರ್, ಪಿಎಚ್ ತಾನೇ ಮೇಲಿರುತ್ತೆ" ಅಂದರು. ಪಿಎಚ್ ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ. ನಂಬಿದೆ. ಒಂದು ತಿಂಗಳ ನಂತರ ಡೈಮಂಡ್ ಗೋಬಿ ತಂದೆ. ಮಂಚೂರಿ ಗೋಬಿ ಅಲ್ಲ, ಮೀನು. ಅದು ಊಟ ಹುಡುಕುವ ರೀತಿಯೇ ಬೇರೆ. ಬಾಯ್ತುಂಬ ಮರಳು ಎತ್ತುತ್ತದೆ, ಒಳಗಿರುವ ಸಣ್ಣ ಹುಳಗಳನ್ನು ಉಳಿಸಿಕೊಂಡು ಮರಳನ್ನು ಕಿವಿರಿನಿಂದ ಹೊರಗೆ ಸುರಿಸುತ್ತದೆ. ಜರಡಿ ಹಿಡಿದ ಹಾಗೆ. ಈಗ ಆ ಬಾಯಿಗೆ ಸಬ್ಬಕ್ಕಿ ಗಾತ್ರದ ಚೂಪು ತುಂಡುಗಳನ್ನು ಕೊಟ್ಟರೆ? ಎತ್ತುತ್ತಿತ್ತು, ಉಗುಳುತ್ತಿತ್ತು, ಮತ್ತೆ ಎತ್ತುತ್ತಿತ್ತು. ಹೊಟ್ಟೆ ದಿನೇ ದಿನೇ ಒಳಗೆ ಹೋಯಿತು. ಆರು ವಾರ ಬದುಕಿತ್ತು.

ಆಮೇಲೆ ಆ ಕೋರಲ್ ತೆಗೆಯಲು ಪೈಪ್ ಹಾಕಿ ಎಳೆದೆ. ಬಕೆಟ್ಟಿಗೆ ಬಂದದ್ದು ಫಿಲ್ಟರ್ ಕಾಫಿ ಡಿಕಾಕ್ಷನ್ನಿನ ಬಣ್ಣದ ನೀರು. ದಪ್ಪ ಕಾಳಿನ ನಡುವೆ ಸಂದು ಜಾಸ್ತಿ. ಉಳಿದ ಊಟ, ಮೀನಿನ ಹಿಕ್ಕೆ ಎಲ್ಲ ಆ ಸಂದಿಗೆ ಇಳಿದು ಅಲ್ಲೇ ಕೊಳೆಯುತ್ತದೆ. ಎಷ್ಟು ನೀರು ಬದಲಿಸಿದರೂ ಇಂಥ ಕೊಳೆಯಿಂದ ಹುಟ್ಟುವ ನೈಟ್ರೇಟ್ ಯಾಕೆ ಇಳಿಯುತ್ತಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆನಲ್ಲ, ಉತ್ತರ ಕಾಲಡಿಯಲ್ಲೇ ಇತ್ತು.

ಇನ್ನು ಆ ಪಿಎಚ್ ಮಾತು. ಆ ಕೋರಲ್ ತುಂಡುಗಳು ಅರಗೊನೈಟ್. ಅರಗೊನೈಟ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹವಳ ಮತ್ತು ಚಿಪ್ಪಿನ ಸಾಮಗ್ರಿ. ಅದು ಕರಗಿದರೆ ತಾನೇ ಪಿಎಚ್ ಏರುವುದು? ಟ್ಯಾಂಕಿನ ನೀರು 8.2ರಲ್ಲಿ ಇರುವಾಗ ಅದು ಕರಗುವುದಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ, ಕಾರ್ಬೊನೇಟ್ ಆಗಲೇ ತುಂಬಿ ತುಳುಕುತ್ತಿರುತ್ತದೆ. ಹವಳಕ್ಕೆ ಕ್ಯಾಲ್ಸಿಯಂ ಒದಗಿಸಲು ಕ್ಯಾಲ್ಸಿಯಂ ರಿಯಾಕ್ಟರ್ ಅನ್ನುವ ಉಪಕರಣ ಇಟ್ಟವರನ್ನು ಕೇಳಿ. ಅದೇ ಅರಗೊನೈಟನ್ನು ಕರಗಿಸಲು ಅವರು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಒಳಗಿನ ಪಿಎಚ್ಅನ್ನು 6.5ರ ಆಸುಪಾಸಿಗೆ ಇಳಿಸುತ್ತಾರೆ. ಹಾಗಾಗಿ ನಿಮ್ಮ ಫ್ಲ್ಯಾಟಿನಲ್ಲಿ ಪಿಎಚ್ 7.9 ತೋರಿಸಿದರೆ ಮರಳಿಗೆ ದುಡ್ಡು ಸುರಿಯಬೇಡಿ. ಮೊದಲು ಕಿಟಕಿ ತೆಗೆಯಿರಿ. ಬಾಗಿಲು ಮುಚ್ಚಿದ ರೂಮಿನಲ್ಲಿ ನಾವೆಲ್ಲ ಬಿಡುವ ಉಸಿರು ಆ ನೀರಿಗೂ ಸೇರುತ್ತಿರುತ್ತದೆ.

ಆದರೂ ನಾನು ಅರಗೊನೈಟನ್ನೇ ಹಾಕುತ್ತೇನೆ. ಒಳ್ಳೆಯ ಮಾಲಿನಲ್ಲಿ ಕಾಳು ದುಂಡಗಿರುತ್ತದೆ, ಒಂದೇ ಗಾತ್ರದಲ್ಲಿ ಸಿಗುತ್ತದೆ, ಲೋಹದ ಭಯ ಇಲ್ಲ. ಹವಳದ ದಿಬ್ಬಗಳ ಸುತ್ತ ಇರುವುದೂ ಇದೇ ಜಾತಿಯ ಮರಳು. ಅದರಲ್ಲಿ ಒಂದು ಪಾಲು ಪ್ಯಾರಟ್ ಫಿಶ್ ಹಿಕ್ಕೆ ಅಂದರೆ ನಂಬುತ್ತೀರಾ? ಹವಳದ ಮೇಲಿನ ಪಾಚಿಗೆ ಬಾಯಿ ಹಾಕಿ, ಕಲ್ಲು ಸಮೇತ ಕಡಿದು, ಅರೆದು, ಹಿಂದಿನಿಂದ ಮರಳು ಬಿಡುವ ಮೀನು ಅದು. ಅಂಗಡಿಯಲ್ಲಿ ಸಿಗುವ ಕೇಸರಿ ಬಣ್ಣದ ಬ್ಲಡ್ ಪ್ಯಾರಟ್ ಅಲ್ಲ ಮತ್ತೆ. ಅದು ಸಿಹಿನೀರಿನ ಮಿಶ್ರತಳಿ.

ಈಗ ಜಗಳದ ವಿಷಯಕ್ಕೆ ಬರೋಣ. "ಮಲ್ಪೆಗೆ ಹೋಗಿದ್ವಿ, ಎರಡು ಚೀಲ ತಂದಿದ್ದೇವೆ, ಸಮುದ್ರದ್ದೇ ಅಲ್ವಾ, ಹಾಕಬಹುದಲ್ವಾ?" ಬೇಡ. ಸಮುದ್ರದ ದಡದಲ್ಲಿ ಸಿಕ್ಕಿತು ಅಂದಮಾತ್ರಕ್ಕೆ ಅದು ಹವಳದ ಮರಳಲ್ಲ. ನಮ್ಮ ಕರಾವಳಿಯ ಮರಳು ಬಹುಪಾಲು ಘಟ್ಟದ ಕಲ್ಲು ಸವೆದು, ಕಾಳಿ, ಶರಾವತಿ, ನೇತ್ರಾವತಿಯಂಥ ಹೊಳೆಗಳಲ್ಲಿ ಇಳಿದು ಬಂದದ್ದು. ಹೆಚ್ಚಿನದು ಸ್ಫಟಿಕ ಶಿಲೆಯ ಕಾಳು. ಒಂದು ಚಮಚ ತಗೊಂಡು ನಿಂಬೆರಸ ಹಿಂಡಿ ನೋಡಿ. ಚಿಪ್ಪಿನ ಚೂರು ಇದ್ದಲ್ಲಿ ಮಾತ್ರ ನೊರೆ ಬರುತ್ತದೆ, ಉಳಿದದ್ದು ಸುಮ್ಮನೆ ಕೂತಿರುತ್ತದೆ. ಅರಗೊನೈಟ್ ಆದರೆ ಇಡೀ ಚಮಚ ಬುಸುಗುಟ್ಟುತ್ತದೆ. ಆಮೇಲೆ ಒಣ ಮರಳಿನಲ್ಲಿ ಅಯಸ್ಕಾಂತ ಆಡಿಸಿ. ದಡದಲ್ಲಿ ಕಪ್ಪು ಗೆರೆ ಗೆರೆಯಾಗಿ ಕಾಣುತ್ತದಲ್ಲ, ಅದರಲ್ಲಿ ಒಂದಷ್ಟು ಮೀಸೆಯ ಹಾಗೆ ಅಂಟಿಕೊಳ್ಳುತ್ತದೆ. ಅದು ಕಬ್ಬಿಣದ ಖನಿಜ. ಬಂದರಿನ ಹತ್ತಿರದ್ದಾದರೆ ಡೀಸೆಲ್, ಚರಂಡಿ ನೀರಿನ ಪಾಲೂ ಬೋನಸ್. ದಡದ ಮರಳು ತೆಗೆಯಲು ಕಾನೂನಿನ ನಿರ್ಬಂಧ ಇದೆ. ಹವಳಕ್ಕಂತೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಲಕ್ಷದ್ವೀಪಕ್ಕೆ ಹೋದವರು ಸತ್ತ ತುಂಡು ಅಂತ ಬ್ಯಾಗಿಗೆ ಹಾಕಿಕೊಳ್ಳಬೇಡಿ. ಎಂ-ಸ್ಯಾಂಡ್ ಹಾಕಬಹುದಾ ಅಂತ ಕೇಳಿದವರೂ ಇದ್ದಾರೆ. ಅದರಲ್ಲಿ ಮನೆ ಕಟ್ಟಿ.

ಸಿಲಿಕಾ ಮರಳಿನ, ಅಂದರೆ ಸ್ಫಟಿಕದ ಕಾಳಿನ ಮರಳಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅದರಿಂದಲೇ ಗಾಜಿಗೆಲ್ಲ ಕಂದು ಪಾಚಿ ಬರುತ್ತದೆ ಅಂತ ಬೈಯುತ್ತಾರೆ. ಸ್ಫಟಿಕದ ಕಾಳು ನೀರಿನಲ್ಲಿ ಕರಗುವುದು ಲೆಕ್ಕಕ್ಕೇ ಬಾರದಷ್ಟು. ಆ ಪಾಚಿಗೆ ಸಿಲಿಕೇಟ್ ಸಿಗುವುದು ಹೆಚ್ಚಾಗಿ ನಾವು ಸುರಿಯುವ ನಲ್ಲಿ ನೀರಿನಿಂದ, ಬೋರ್ ನೀರಿನಿಂದ. ಆರ್‌ಒ ನೀರು ಬಳಸಿದರೂ ಹೊಸ ಟ್ಯಾಂಕಿನಲ್ಲಿ ಸ್ವಲ್ಪ ದಿನ ಬರುತ್ತದೆ, ಹೋಗುತ್ತದೆ.

ಹಾಗಾದರೆ ಯಾವ ಬಟ್ಟಲು? ಯಾವ ಮೀನು ತರುತ್ತೀರಿ ಹೇಳಿ. ಗೋಬಿ, ಇಲ್ಲವೇ ಮರಳಲ್ಲಿ ಹೂತು ಮಲಗುವ ಯೆಲ್ಲೋ ರಾಸ್ ಮೀನು ಬೇಕಾದರೆ ಮೊದಲನೆಯದು, ಇಲ್ಲವೇ ಮೊದಲೆರಡನ್ನು ಬೆರೆಸಿ. ಪಿಸ್ಟಲ್ ಸೀಗಡಿ ಬೇಕಾದರೆ ಮೂರನ್ನೂ ಬೆರೆಸಿ. ಅದು ಬಿಲ ತೋಡಿ, ದಪ್ಪ ತುಂಡುಗಳಿಂದ ಗೋಡೆ ಕಟ್ಟುತ್ತದೆ, ಬರೀ ಚಿರೋಟಿ ರವೆಯಲ್ಲಿ ಬಿಲ ಕುಸಿಯುತ್ತದೆ. ಕ್ಲೌನ್ ಮೀನಿಗೆ ಯಾವುದಾದರೂ ನಡೆಯುತ್ತದೆ. ಜೋರು ಹರಿವು ಬೇಡುವ ಗಟ್ಟಿ ಹವಳ ಬೆಳೆಸುವವರಿಗೆ ಸಣ್ಣ ಮರಳು ತಲೆನೋವು. ವೇವ್‌ಮೇಕರ್, ಅಂದರೆ ನೀರು ತಳ್ಳುವ ಪಂಪ್, ಹಾಕಿದ ತಕ್ಷಣ ಒಂದು ಮೂಲೆಯಲ್ಲಿ ಗುಡ್ಡೆ, ಇನ್ನೊಂದು ಮೂಲೆಯಲ್ಲಿ ಬರೀ ಗಾಜು. ಅವರು ಎರಡನೇ ಬಟ್ಟಲಿಗೆ ಹೋಗಲಿ, ಇಲ್ಲವೇ ಮರಳೇ ಬೇಡ. ನನಗೆ ಮಾತ್ರ ಬರಿಗಾಜಿನ ಟ್ಯಾಂಕ್ ನೋಡಿದರೆ ಖಾಲಿ ಮನೆ ನೋಡಿದ ಹಾಗಾಗುತ್ತದೆ.

ಆಳ ಒಂದೂವರೆ, ಎರಡು ಇಂಚು ಸಾಕು. ನಾಲ್ಕು ಇಂಚಿಗಿಂತ ಜಾಸ್ತಿ ಹಾಕಿ, ತಳದಲ್ಲಿ ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾದಿಂದ ನೈಟ್ರೇಟ್ ಕಳೆಯುವ ಪದ್ಧತಿಯೂ ಇದೆ. ಅದಕ್ಕೆ ತಾಳ್ಮೆ ಬೇಕು, ಮರಳಿನೊಳಗೆ ಓಡಾಡುವ ಹುಳಗಳೂ ಬೇಕು. ಹೊಸಬರು ಅತ್ತ ಹೋಗದಿರುವುದೇ ವಾಸಿ. ಹಳೆಯ ಆಳದ ಮರಳನ್ನು ಒಮ್ಮೆ ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಹಜಾರದವರೆಗೂ ಬರುತ್ತದೆ, ಆ ಅನಿಲ ಮೀನಿಗೂ ವಿಷ.

ಎಷ್ಟು ಕೆಜಿ ಬೇಕು ಅನ್ನುವುದು ಸುಲಭದ ಲೆಕ್ಕ. ಉದ್ದ 90, ಅಗಲ 45, ಆಳ 4 ಸೆಂಟಿಮೀಟರ್ ಗುಣಿಸಿದರೆ 16,200. ಅಂದರೆ 16 ಲೀಟರ್ ಚಿಲ್ಲರೆ. ಲೀಟರಿಗೆ ಸುಮಾರು ಒಂದೂವರೆ ಕೆಜಿ ಹಿಡಿದರೆ 24 ಕೆಜಿ. ಕಲ್ಲುಗಳು ಜಾಗ ತಿನ್ನುವುದರಿಂದ 20 ಕೆಜಿಗೆ ಮುಗಿಯುತ್ತದೆ. ಬ್ಯಾಕ್ಟೀರಿಯಾ ಇರುವ ಲೈವ್ ಸ್ಯಾಂಡ್ ಅಂತ ಒದ್ದೆ ಚೀಲಕ್ಕೆ ಜಾಸ್ತಿ ದುಡ್ಡು ಕೇಳುತ್ತಾರೆ. ನಾನು ಕೊಡುವುದಿಲ್ಲ. ಒಣ ಮರಳು ತಂದು, ಅಕ್ಕಿ ತೊಳೆದ ಹಾಗೆ ಬಕೆಟ್ಟಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯುತ್ತೇನೆ. ಬ್ಯಾಕ್ಟೀರಿಯಾ ತಾನು ಮೊದಲೇ ಮನೆ ಮಾಡಿರುವ ಕಲ್ಲಿನಿಂದ, ಅಂದರೆ ಲೈವ್ ರಾಕ್‌ನಿಂದ ಬಂದು ಸೇರಿಕೊಳ್ಳುತ್ತದೆ.

ಕಲ್ಲನ್ನು ಮೊದಲು ಗಾಜಿನ ತಳಕ್ಕೆ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಉಲ್ಟಾ ಮಾಡಿದರೆ ಗೋಬಿ ಒಂದು ರಾತ್ರಿ ಅಡಿಯಿಂದ ತೋಡಿ ಕಲ್ಲು ಬೀಳಿಸುತ್ತದೆ. ನೀರು ಸುರಿಯುವಾಗ ಮರಳ ಮೇಲೆ ಒಂದು ಊಟದ ತಟ್ಟೆ ಇಡಿ.

ಏಳು ಗಂಟೆ ಆಗುತ್ತಾ ಬಂತು, ಟ್ಯಾಂಕಿನ ಲೈಟ್ ಆರುವ ಹೊತ್ತು. ಕ್ಯಾಮೆರಾ ಅತ್ತ ತಿರುಗಿಸುತ್ತೇನೆ. ಬಲಗಡೆ ಮೂಲೆಯಲ್ಲಿ ಅರಿಶಿನ ಬಣ್ಣದ್ದು ಕಾಣುತ್ತಿದೆಯಾ? ಯೆಲ್ಲೋ ರಾಸ್. ಇದನ್ನು ತಂದ ದಿನವೇ ಮಾಯವಾಗಿ, ಮೂರು ದಿನ ಪತ್ತೆ ಇರಲಿಲ್ಲ. ಹಾರಿ ಸತ್ತಿತು ಅಂತ ನಾನು ಸೋಫಾ ಕೆಳಗೆಲ್ಲ ಟಾರ್ಚ್ ಹಾಕಿ ಹುಡುಕಿದ್ದೆ. ಈಗ ನೋಡಿ, ಜಾಗ ಹುಡುಕುತ್ತಿದೆ. ಪಕ್ಕಕ್ಕೆ ವಾಲಿತು. ತಲೆ ತೂರಿಸಿತು. ಬಾಲ ಎರಡು ಸಲ ಆಡಿತು… ಹೋಯಿತು. ಮರಳ ಮೇಲೆ ಅಂಗೈ ಅಗಲದ ಒಂದು ತಗ್ಗು, ಅಷ್ಟೇ.