ಕಛೇರಿಯಲ್ಲಿ ಕೇಳಿದ ಟಪ್ ಸದ್ದು

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ರಾಮನವಮಿ. ಬಸವನಗುಡಿಯ ಒಂದು ಮನೆಯಲ್ಲಿ ಕಛೇರಿ. ನಾನು ಕಟ್ಟಿದ ಪುಟ್ಟ ಲಿನಕ್ಸ್ ಕಂಪ್ಯೂಟರ್ ಪೆಟ್ಟಿಗೆಯೊಂದು ತಂಬೂರಿ ನುಡಿಸುತ್ತಿತ್ತು. ಗಾಯಕಿ ಮೇಲಿನ ಷಡ್ಜದಲ್ಲಿ ನಿಂತಾಗ ಸ್ಪೀಕರಿನಿಂದ 'ಟಪ್'. ಸ್ವಲ್ಪ ಹೊತ್ತಿಗೆ ಮತ್ತೊಂದು. ಮೃದಂಗದವರು ನನ್ನತ್ತ ನೋಡಿದ ನೋಟ ಇನ್ನೂ ಮರೆತಿಲ್ಲ.

ತಪ್ಪು ನನ್ನದೇ. ದನಿ ತಯಾರಿಸುವ ಥ್ರೆಡ್‌ನೊಳಗೆ ಅಂದರೆ ಪ್ರೋಗ್ರಾಮಿನಲ್ಲಿ ತನ್ನ ಪಾಡಿಗೆ ಓಡುವ ಎಳೆಯೊಳಗೆ, ನಡೆದದ್ದನ್ನು ಫೈಲಿಗೆ ಬರೆದಿಡುವ ಒಂದು ಲಾಗ್ ಸಾಲು ಬಿಟ್ಟಿದ್ದೆ. ಸ್ಯಾಂಪಲ್ ಎಂಬ ದನಿಯ ಚೂರುಗಳು ಸೆಕೆಂಡಿಗೆ 48,000, ಒಂದು ಸಲಕ್ಕೆ 128. ಅಂದರೆ ಸುಮಾರು 2.67 ಮಿಲಿಸೆಕೆಂಡಿಗೊಮ್ಮೆ ಬಫರ್ ಎಂಬ ಡಬ್ಬಿ ತುಂಬಿಕೊಡಬೇಕು. ತಡವಾದರೆ ಟಪ್. ಲಾಗ್ ಬರೆಯಲು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳಬೇಕಲ್ವಾ? ಅದು ಸಾವಿರ ಸಲ ತಕ್ಷಣ ಮಾಡಿಕೊಡುತ್ತದೆ. ಇನ್ನೊಂದು ಸಲ ಮೆಮೊರಿ ಕಾರ್ಡ್ ಏನೋ ಕೆಲಸದಲ್ಲಿರುತ್ತದೆ, 'ಸ್ವಲ್ಪ ತಾಳು' ಅನ್ನುತ್ತದೆ. ಮನೆಯಲ್ಲಿ ಸರಾಸರಿ ಅಳೆದು ಖುಷಿಪಟ್ಟಿದ್ದೆ. ಸಿಲ್ಕ್ ಬೋರ್ಡ್ ದಾಟಿ ವಿಮಾನ ಹಿಡಿಯುವವರು ಸರಾಸರಿ ನಂಬಿ ಹೊರಡುತ್ತಾರಾ?

ಫೈಲ್ ಒಂದೇ ಅಲ್ಲ. ಮಾಲಕ್ ಎಂಬ ಫಂಕ್ಷನ್ ಕರೆದು ಮೆಮೊರಿ ಕೇಳಿದರೂ ಇದೇ ಕಥೆ. ಪಡೆದ ಮೆಮೊರಿಯನ್ನು ಮೊದಲ ಸಲ ಮುಟ್ಟಿದಾಗ ಪೇಜ್ ಫಾಲ್ಟ್, ಅಂದರೆ ಸಿಸ್ಟಮ್ ಆಗಷ್ಟೇ ನಿಜವಾದ ಜಾಗ ಹುಡುಕಿಕೊಡುವ ತಡ. ಮ್ಯೂಟೆಕ್ಸ್, ಅಂದರೆ ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಬೀಗ, ಇನ್ನೂ ಕಿಲಾಡಿ. 1997ರಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಹವಾಮಾನ ಅಳೆಯುವ ಸಣ್ಣ ಕೆಲಸ ಬೀಗ ಹಿಡಿದಿತ್ತು. ಅವಸರದ ದೊಡ್ಡ ಕೆಲಸ ಅದಕ್ಕೆ ಕಾದು ನಿಂತಿತ್ತು. ನಡುವಿನ ಆದ್ಯತೆಯ ಕೆಲಸಗಳು ಸಣ್ಣದನ್ನು ಓಡಲು ಬಿಡಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ! ಬೀಗ ಹಿಡಿದವನಿಗೆ ಕಾಯುವವನ ಆದ್ಯತೆಯನ್ನೇ ಎರವಲು ಕೊಡುವ ಸೌಲಭ್ಯವನ್ನು ಭೂಮಿಯಿಂದಲೇ ಆನ್ ಮಾಡಿ ಸರಿಪಡಿಸಿದರು.

ನಾನು ಮಾಡಿದ್ದು ಇಷ್ಟು. ದರ್ಶಿನಿಯಲ್ಲಿ ದೋಸೆ ಹುಯ್ಯುವವರು ಕಾವಲಿ ಬಿಟ್ಟು ಕಾಯಿ ತರಲು ಹೋಗುವುದಿಲ್ಲ. ಹಾಗೇ ದನಿಯ ಥ್ರೆಡ್ ಈಗ ಫೈಲ್ ಮುಟ್ಟುವುದಿಲ್ಲ, ರಿಂಗ್ ಬಫರಿನಲ್ಲಿ, ಅಂದರೆ ಸುತ್ತಿ ಸುತ್ತಿ ಬಳಸುವ ಮೆಮೊರಿಯ ಸಾಲಿನಲ್ಲಿ, ಲಾಗಿನ ಚೀಟಿ ಹಾಕಿ ಮುಂದೆ ಹೋಗುತ್ತದೆ. ಹಾಕುವವನೊಬ್ಬ, ತೆಗೆಯುವವನೊಬ್ಬ ಆದ್ದರಿಂದ ಎರಡು ಆಟಾಮಿಕ್ ಎಣಿಕೆ, ಅಂದರೆ ಅರ್ಧಂಬರ್ಧ ಬದಲಾಗಿ ಕಾಣದ ಎಣಿಕೆ, ಸಾಕು, ಬೀಗ ಬೇಡ. ಸಾಮಾನ್ಯ ಥ್ರೆಡ್ಡೊಂದು 20 ಮಿಲಿಸೆಕೆಂಡಿಗೊಮ್ಮೆ ಎದ್ದು, ಚೀಟಿ ತೆಗೆದು ಫೈಲಿಗೆ ಬರೆಯುತ್ತದೆ. ದನಿಯ ಥ್ರೆಡ್ ಅದನ್ನು ಎಬ್ಬಿಸುವ ಕರೆಯೂ ಬೇಡ ಅಂತಲೇ ಹೀಗೆ. ರಿಂಗ್ ಬಫರ್ ತುಂಬಿದ್ದರೆ ದನಿಯ ಥ್ರೆಡ್ ಚೀಟಿ ಬಿಸಾಡಿ, ಎಷ್ಟು ಬಿಸಾಡಿದೆ ಅಂತ ಲೆಕ್ಕ ಮಾತ್ರ ಇಡುತ್ತದೆ. ಮೆಮೊರಿಯನ್ನೆಲ್ಲ ಶುರುವಿನಲ್ಲೇ ಪಡೆದು, ಒಮ್ಮೆ ಮುಟ್ಟಿ, ಎಂಲಾಕ್‌ಆಲ್ ಕರೆದು, ಸಿಸ್ಟಮ್ ಅದನ್ನು ಹೊರಹಾಕದಂತೆ ಕೂರಿಸಿದೆ.

2024ರಲ್ಲಿ ಲಿನಕ್ಸ್ 6.12ರ ಜೊತೆ ರಿಯಲ್ ಟೈಮ್ ಬೆಂಬಲ, ಅಂದರೆ ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಸೌಲಭ್ಯ, ಲಿನಕ್ಸಿನ ತಿರುಳಾದ ಮುಖ್ಯ ಕರ್ನಲ್ಲಿಗೇ ಸೇರಿತು. 'ಇನ್ನು ಈ ಸರ್ಕಸ್ ಯಾಕೆ?' ಅಂದ ಗೆಳೆಯ. ಕರ್ನಲ್ ನನ್ನ ಥ್ರೆಡ್ಡನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತದೆ, ನಿಜ. ಕಾರ್ಡ್ ಬೇಗ ಬರೆಯುವುದಿಲ್ಲವಲ್ಲ.

ಮುಂದಿನ ರಾಮನವಮಿಗೆ ಅದೇ ಮನೆ, ಅದೇ ಮೃದಂಗದವರು. ಮೂರು ಗಂಟೆ ಕಛೇರಿಯಲ್ಲಿ ಒಂದೂ ಟಪ್ ಇಲ್ಲ. ರಾತ್ರಿ ಲಾಗ್ ತೆರೆದೆ. ಬಿಸಾಡಿದ ಚೀಟಿ, 11.

ನಮಸ್ಕಾರ.